ಓದುಗರ ಪ್ರಶ್ನೆ, ನಮ್ಮ ಉತ್ತರ: ಚಳಿಗಾಲದಲ್ಲಿ ಕಾಡುಜೀವಿಗಳು

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಚಳಿಗಾಲದ ಪ್ರಾಣಿಪಕ್ಷಿಗಳ ಕುರಿತೇ ಇದ್ದುದರಿಂದ ಅವನ್ನು ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದಲ್ಲಿ ಒಬ್ಬರ ಪತ್ರವನ್ನು ಮಾತ್ರ ಆರಿಸಿಕೊಳ್ಳಲಾಗಿದೆ.

ಪ್ರಶ್ನೆ: ಮಾನ್ಯರೇ, ನಮ್ಮೂರಿನ ಸಮೀಪದ ಬೋನಾಳ ಕೆರೆಗೆ ಚಳಿಗಾಲದಲ್ಲಿ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆಗಳಿರುವ ಹೆಬ್ಬಾತುಗಳು ಬರುತ್ತವೆ. ಅವು ಮಂಗೋಲಿಯಾದಿಂದ ಬರುತ್ತವೆ ಎಂದು ಹೇಳುವುದನ್ನು ಕೇಳಿದ್ದೇನೆ. ಚಳಿಗೆ ಹೆದರಿ ಬರುವುದೇ ಆದರೆ ಹಿಮಾಲಯ ದಾಟಿದ ಕೂಡಲೇ ಎಲ್ಲಾದರೂ ಇಳಿದುಕೊಳ್ಳಬಹುದಿತ್ತಲ್ಲವೇ? ಇಷ್ಟು ದೂರ ಏಕೆ ಬರಬೇಕು?
(ಪದವಿ ವಿದ್ಯಾರ್ಥಿನಿ, ಸುರಪುರ)

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಇರುವ ‘ಚಳಿಗೆ ಹೆದರಿ’ ಎಂಬ ಮಾತನ್ನೇ ಮೊದಲು ಪರಿಶೀಲಿಸಬೇಕು. ಪಟ್ಟೆತಲೆ ಹೆಬ್ಬಾತಿನ ಮೈಮೇಲೆ ಹೊರಗಿನ ಗರಿಗಳ ಕೆಳಗೆ ದಟ್ಟವಾದ ನವಿರು ತುಪ್ಪಳದ ಪದರವಿದ್ದು, ಬರಿಯ ಚಳಿಯನ್ನು ತಡೆದುಕೊಳ್ಳಲು ಅದು ಸಾಕಾಗುತ್ತದೆ. ಆದರೆ ಮಂಗೋಲಿಯಾ ಮತ್ತು ಟಿಬೆಟ್ ಪ್ರಸ್ಥಭೂಮಿಯ ಸರೋವರಗಳು ಹೆಪ್ಪುಗಟ್ಟಿ, ದಡದ ಹುಲ್ಲು ಹಿಮದಡಿ ಹೂತುಹೋದ ಮೇಲೆ ಹುಲ್ಲು ಮೇಯ್ದು ಬದುಕುವ ಈ ಹಕ್ಕಿಗೆ ಅಲ್ಲಿ ತಿನ್ನಲು ಏನೂ ಉಳಿಯುವುದಿಲ್ಲ. ಅದನ್ನು ಅಲ್ಲಿಂದ ಎಬ್ಬಿಸುವುದು ಹಸಿವು. ಮೇವು ಕಡಿಮೆಯಾದಾಗ ಕುರಿಹಿಂಡನ್ನು ಹೊಡೆದುಕೊಂಡು ಊರೂರು ದಾಟುವ ನಮ್ಮ ಭಾಗದ ಕುರಿಗಾಹಿಗಳ ಲೆಕ್ಕಾಚಾರಕ್ಕೂ ಈ ಹೆಬ್ಬಾತುಗಳ ಲೆಕ್ಕಾಚಾರಕ್ಕೂ ಹೆಚ್ಚು ಅಂತರವಿಲ್ಲ.

ಹಿಮಾಲಯ ದಾಟಿದೊಡನೆ ಇಳಿದುಬಿಡುವ ಹೆಬ್ಬಾತುಗಳೂ ಇವೆ. ಹಿಮಾಚಲ ಪ್ರದೇಶದ ಪೋಂಗ್ ಜಲಾಶಯದಲ್ಲಿ ಚಳಿಗಾಲ ಕಳೆಯುವ ಪಟ್ಟೆತಲೆ ಹೆಬ್ಬಾತುಗಳ ಸಂಖ್ಯೆ ಬಹಳ ದೊಡ್ಡದು. ಎಲ್ಲವೂ ಅಲ್ಲಿಯೇ ಉಳಿದರೆ ಮೇವು ಸಾಲದೆಂಬುದು ಸುಲಭವಾಗಿ ಅರ್ಥವಾಗುವ ಸಂಗತಿ. ಜೊತೆಗೆ, ಹೆಬ್ಬಾತಿನ ಮರಿಗಳು ಮೊದಲ ವಲಸೆಯನ್ನು ತಂದೆತಾಯಿಯೊಂದಿಗೇ ಮಾಡುವುದರಿಂದ, ಹಿರಿಯರು ಇಳಿದ ಕೆರೆಯೇ ಮರಿಗಳಿಗೂ ಚಳಿಗಾಲದ ಮನೆಯಾಗಿ, ಆ ದಾರಿ ಪೀಳಿಗೆಯಿಂದ ಪೀಳಿಗೆಗೆ ಮುಂದುವರಿಯುತ್ತದೆ. ಹಗಲು ನೀರಿನಲ್ಲಿ ಅಥವಾ ದಂಡೆಯಲ್ಲಿ ವಿಶ್ರಮಿಸಿ, ಹೊತ್ತು ಮುಳುಗಿದ ಮೇಲೆ ಹೊಲಗಳಿಗಿಳಿದು ಎಳೆಯ ಚಿಗುರು ಮೇಯುವುದು ಇವುಗಳ ರೂಢಿ. ಸುರಪುರದ ನಾಯಕ ಅರಸರ ಕಾಲದ ಬೋನಾಳ ಕೆರೆಯ ಸುತ್ತ ಆ ಹೊತ್ತಿಗೆ ಹಿಂಗಾರಿ ಬೆಳೆ ನಿಂತಿರುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೂ ಇದೇ ಹಕ್ಕಿಗಳು ಬರುತ್ತವೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿರುವುದರಿಂದ ನೀವು ಕೇಳಿದ ಮಾತಿಗೆ ಗಟ್ಟಿಯಾದ ಆಧಾರವೇ ಇದೆ.

ಇನ್ನು ಹಿಮಾಲಯ ದಾಟುವ ಬಗೆ. ಈ ಹಕ್ಕಿಗಳು ಎವರೆಸ್ಟ್ ಶಿಖರದ ಮೇಲಿಂದಲೇ ಹಾರಿಹೋಗುತ್ತವೆ ಎಂಬ ಮಾತು ಪತ್ರಿಕೆಗಳಲ್ಲಿ ಆಗಾಗ ಅಚ್ಚಾಗುತ್ತದೆ, ಅದನ್ನು ಅಷ್ಟಾಗಿ ನಂಬಬೇಕಾಗಿಲ್ಲ. ಬೆನ್ನಿಗೆ ಉಪಗ್ರಹ ಸಾಧನ ಕಟ್ಟಿ ಹಿಂಬಾಲಿಸಿದಾಗ ದಾಖಲಾದ ಅತಿ ಹೆಚ್ಚಿನ ಎತ್ತರ 7,290 ಮೀಟರ್. ಹಾರಾಟದ ಹೆಚ್ಚಿನ ಪಾಲು ಅದಕ್ಕಿಂತ ಎಷ್ಟೋ ಕೆಳಗೆ, ಕಣಿವೆಗಳ ಮತ್ತು ಕಣಿವೆದಾರಿಗಳ ಜಾಡು ಹಿಡಿದು ನಡೆಯುತ್ತದೆ. ಒಮ್ಮೆ ಮೇಲೇರಿ ಅದೇ ಎತ್ತರದಲ್ಲಿ ಸಾಗುವ ಬದಲು ಅವು ನೆಲದ ಏರಿಳಿತವನ್ನೇ ಅನುಸರಿಸಿ ಏರುತ್ತ ಇಳಿಯುತ್ತ ಸಾಗುತ್ತವೆ, ಏಕೆಂದರೆ ಕೆಳಗಿನ ದಟ್ಟ ಗಾಳಿಯಲ್ಲಿ ರೆಕ್ಕೆ ಬಡಿಯಲು ತಗಲುವ ಶ್ರಮ ಕಡಿಮೆ. ಗಾಳಿ ತಂಪಾಗಿ ಹೆಚ್ಚು ಸಾಂದ್ರವಾಗಿರುವ ರಾತ್ರಿ ಮತ್ತು ನಸುಕಿನ ವೇಳೆಯನ್ನೇ ಅವು ಹೆಚ್ಚಾಗಿ ಆರಿಸಿಕೊಳ್ಳುವುದೂ ಇದೇ ಕಾರಣಕ್ಕೆ. ಬೇರೆ ಬಾತುಗಳಿಗೆ ಹೋಲಿಸಿದರೆ ಇವುಗಳ ಶ್ವಾಸಕೋಶ ದೊಡ್ಡದು, ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಹಾರುವ ಸ್ನಾಯುಗಳಿಗೆ ರಕ್ತ ಒಯ್ಯುವ ಸೂಕ್ಷ್ಮನಾಳಗಳು ಹೆಚ್ಚು ದಟ್ಟವಾಗಿವೆ. ವಸಂತದಲ್ಲಿ ಮರಳುವಾಗ, ಸಮುದ್ರಮಟ್ಟಕ್ಕೆ ಹತ್ತಿರದ ಬಯಲಿನಿಂದ ಹಿಮಾಲಯದ ನೆತ್ತಿಯವರೆಗಿನ ಏರನ್ನು ಸುಮಾರು ಎಂಟು ಗಂಟೆಗಳಲ್ಲಿ, ಗಾಳಿಯ ನೆರವಿಲ್ಲದೆ ಸ್ವಂತ ರೆಕ್ಕೆಬಲದಿಂದಲೇ ಮುಗಿಸಿದ ಹೆಬ್ಬಾತುಗಳ ದಾಖಲೆಯೂ ಇದೆ.

ಪ್ರಶ್ನೆ: ಚಳಿಗಾಲದಲ್ಲಿ ಕರಡಿಗಳು ತಿಂಗಳುಗಟ್ಟಲೆ ನಿದ್ರಿಸುತ್ತವೆ ಎಂದು ಪಾಠ ಮಾಡಿದಾಗ ಮಕ್ಕಳು, ‘ನಮ್ಮ ಕಡೆಯ ಕರಡಿಗಳೂ ಹಾಗೆ ಮಲಗುತ್ತವೆಯೇ? ಚಿಂಚೋಳಿ ಕಾಡಿನ ಹಾವುಗಳು ಏನು ಮಾಡುತ್ತವೆ?’ ಎಂದು ಕೇಳಿದರು. ಖಚಿತವಾಗಿ ಹೇಳಲು ನನಗೆ ಆಗಲಿಲ್ಲ. ದಯವಿಟ್ಟು ವಿವರಿಸಿ.
(ಶಾಲಾ ಶಿಕ್ಷಕರು, ಚಿಂಚೋಳಿ)

ಉತ್ತರ: ಕರ್ನಾಟಕದ ಕಾಡುಗಳಲ್ಲಿ ಇರುವುದು ಉದ್ದ ಕೂದಲಿನ, ಜೇನು ಮತ್ತು ಗೆದ್ದಲು ತಿನ್ನುವ ಕರಡಿ. ಬಳ್ಳಾರಿ ಕಡೆಯ ದರೋಜಿಯ ಕರಡಿಧಾಮದಲ್ಲಿ ಕಾಣಸಿಗುವುದೂ ಇದೇ ಜಾತಿ. ಇದು ಶಿಶಿರನಿದ್ರೆ ಮಾಡುವುದಿಲ್ಲ. ಗೆದ್ದಲುಹುತ್ತ, ಇರುವೆಗೂಡು, ಕಾಡುಹಣ್ಣು ಎಂದು ವರ್ಷವಿಡೀ ಅದಕ್ಕೆ ಏನಾದರೊಂದು ದೊರೆಯುತ್ತಲೇ ಇರುವಾಗ ಮಲಗಿ ದಿನ ಕಳೆಯುವ ಅಗತ್ಯವೇ ಬೀಳುವುದಿಲ್ಲ. ನಿಮ್ಮ ಪಠ್ಯದಲ್ಲಿರುವ ವಿವರಣೆ ಅಮೆರಿಕದ ಕಪ್ಪು ಕರಡಿ, ಕಂದು ಕರಡಿ, ನಮ್ಮದೇ ದೇಶದ ಕಾಶ್ಮೀರ ಮತ್ತು ಹಿಮಾಚಲದ ಎತ್ತರದ ಕಾಡುಗಳಲ್ಲಿರುವ ಹಿಮಾಲಯದ ಕಪ್ಪು ಕರಡಿ ಇವುಗಳಿಗೆ ಹೊಂದುತ್ತದೆ. ಪಠ್ಯಪುಸ್ತಕಗಳು ‘ಕರಡಿ’ ಎಂಬ ಒಂದೇ ಹೆಸರಿನಡಿ ಎಲ್ಲವನ್ನೂ ಸೇರಿಸಿಬಿಡುವುದರಿಂದ ಮಕ್ಕಳಿಗೆ ಇಂತಹ ಗೊಂದಲ ಸಹಜ. ಅವರು ಕೇಳಿದ್ದು ಒಳ್ಳೆಯ ಪ್ರಶ್ನೆ.

ಶಿಶಿರನಿದ್ರೆ ಎಂಬುದು ನಮ್ಮ ರಾತ್ರಿಯ ನಿದ್ರೆಯನ್ನು ಉದ್ದಕ್ಕೆ ಎಳೆದದ್ದಲ್ಲವೆಂದು ಮಕ್ಕಳಿಗೆ ತಿಳಿಸುವುದು ಒಳಿತು. ಆಹಾರವೇ ಇಲ್ಲದ ತಿಂಗಳುಗಳಲ್ಲಿ ದೇಹದ ಖರ್ಚನ್ನು ಕನಿಷ್ಠಕ್ಕೆ ಇಳಿಸಿಕೊಂಡು, ಶರದೃತುವಿನಲ್ಲಿ ತಿಂದು ಕೂಡಿಟ್ಟ ಕೊಬ್ಬಿನ ಮೇಲೆ ಬದುಕುವ ವ್ಯವಸ್ಥೆ ಅದು. ಇದರಲ್ಲಿ ಅತ್ಯಂತ ದೂರ ಹೋಗಿರುವ ಪ್ರಾಣಿ ಅಲಾಸ್ಕಾ ಮುಂತಾದ ಉತ್ತರದ ತುದಿಯಲ್ಲಿರುವ ನೆಲಅಳಿಲು. ವರ್ಷದಲ್ಲಿ ಏಳೆಂಟು ತಿಂಗಳನ್ನು ಅದು ಬಿಲದಲ್ಲೇ ಕಳೆಯುತ್ತದೆ. ಅದರ ದೇಹದ ಉಷ್ಣತೆ ಸೊನ್ನೆಗಿಂತಲೂ ಕೆಳಗೆ, ಮೈನಸ್ 2.9 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿದದ್ದನ್ನು 1989ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅಷ್ಟಾದರೂ ರಕ್ತ ಹೆಪ್ಪುಗಟ್ಟುವುದಿಲ್ಲ. ಇಂತಹ ಪ್ರಾಣಿಗಳು ಇಡೀ ಚಳಿಗಾಲ ಒಂದೇ ಸಮನೆ ಮರವಟ್ಟು ಬಿದ್ದಿರುತ್ತವೆ ಎಂದು ತಿಳಿಯಬಾರದು. ಕೆಲವು ವಾರಗಳಿಗೊಮ್ಮೆ ಅವು ಭುಜ ಮತ್ತು ಬೆನ್ನಿನ ಸುತ್ತ ಇರುವ ಕಂದು ಕೊಬ್ಬನ್ನು ಉರಿಸಿ ಮೈ ಬೆಚ್ಚಗಾಗಿಸಿಕೊಂಡು, ಹಲವು ಗಂಟೆಗಳ ಕಾಲ ಸಾಮಾನ್ಯ ಸ್ಥಿತಿಗೆ ಬಂದು, ಮತ್ತೆ ತಣ್ಣಗಾಗುತ್ತವೆ. ಚಳಿಗಾಲಕ್ಕೆಂದು ಕೂಡಿಟ್ಟ ಕೊಬ್ಬಿನಲ್ಲಿ ಹೆಚ್ಚಿನ ಪಾಲು ಈ ಎಚ್ಚರಗಳಿಗೇ ಖರ್ಚಾಗುತ್ತದೆ. ಲಡಾಖ್‌ನಲ್ಲಿರುವ, ಅಳಿಲಿನ ಬಳಗಕ್ಕೆ ಸೇರಿದ ಮಾರ್ಮಟ್‌ಗಳು ಬಿಲದೊಳಗೆ ಕುಟುಂಬ ಸಮೇತ ಒಂದಕ್ಕೊಂದು ಒತ್ತಿಕೊಂಡು ಅರ್ಧ ವರ್ಷಕ್ಕೂ ಹೆಚ್ಚು ಕಾಲ ಹೀಗೆ ಕಳೆಯುತ್ತವೆ.

ಕರಡಿಯ ಸಂಗತಿ ಬೇರೆ. ಅಮೆರಿಕದ ಕಪ್ಪು ಕರಡಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಗುಹೆಯಲ್ಲಿ ಮಲಗಿದ ಕರಡಿಯ ಉಷ್ಣತೆ 30 ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ಆದರೂ ಅದರ ಚಯಾಪಚಯ, ಅಂದರೆ ದೇಹ ಶಕ್ತಿಯನ್ನು ಖರ್ಚು ಮಾಡುವ ವೇಗ, ಸಾಮಾನ್ಯ ಮಟ್ಟದ ಕಾಲು ಭಾಗಕ್ಕೆ ಕುಸಿದಿತ್ತು, ಹೃದಯದ ಬಡಿತ ನಿಮಿಷಕ್ಕೆ ಸುಮಾರು 55ರಿಂದ 9ರ ಸನಿಹಕ್ಕೆ ಇಳಿದಿತ್ತು. ತಿಂಗಳುಗಟ್ಟಲೆ ಅದು ಉಣ್ಣುವುದಿಲ್ಲ, ನೀರು ಕುಡಿಯುವುದಿಲ್ಲ, ಮೂತ್ರ ವಿಸರ್ಜಿಸುವುದಿಲ್ಲ. ದೇಹದಲ್ಲಿ ಉಂಟಾಗುವ ಯೂರಿಯಾವನ್ನು ಮರುಬಳಕೆ ಮಾಡಿ ಪ್ರೋಟೀನು ಕಟ್ಟಿಕೊಳ್ಳುವುದರಿಂದ ಸ್ನಾಯುಗಳು ಹೆಚ್ಚು ಸವೆಯುವುದಿಲ್ಲ. ಹಾಸಿಗೆ ಹಿಡಿದ ಮನುಷ್ಯನಿಗೆ ಕೆಲವೇ ವಾರಗಳಲ್ಲಿ ಕಾಲಿನ ಬಲ ಕುಂದುತ್ತದೆ ಎಂಬುದನ್ನು ನೆನೆದರೆ ವೈದ್ಯವಿಜ್ಞಾನಿಗಳಿಗೆ ಕರಡಿಯ ಮೇಲೆ ಇಷ್ಟು ಆಸಕ್ತಿ ಏಕೆಂಬುದು ತಿಳಿಯುತ್ತದೆ. ಹೆಣ್ಣು ಕರಡಿ ಮರಿ ಹಾಕುವುದೂ, ಮೊಲೆಯೂಡಿಸುವುದೂ ಈ ಅವಧಿಯಲ್ಲೇ.

ಹಾವುಗಳಿಗೆ ಸ್ವಂತ ಮೈಬಿಸಿ ಇಲ್ಲವಾದ್ದರಿಂದ ಅವುಗಳ ಚುರುಕು ಹೊರಗಿನ ಉಷ್ಣತೆಯನ್ನೇ ಅವಲಂಬಿಸಿದೆ. ಕೆನಡಾದ ಮ್ಯಾನಿಟೋಬಾದಲ್ಲಿ ಸಾವಿರಾರು ಗಾರ್ಟರ್ ಹಾವುಗಳು ಸುಣ್ಣಕಲ್ಲಿನ ಬಿರುಕುಗಳೊಳಗೆ, ನೆಲ ಹೆಪ್ಪುಗಟ್ಟದಷ್ಟು ಆಳದಲ್ಲಿ ಒಟ್ಟಾಗಿ ಚಳಿಗಾಲ ಕಳೆಯುತ್ತವೆ. ಚಿಂಚೋಳಿಯಲ್ಲಿ ಅಷ್ಟೆಲ್ಲ ಬೇಕಾಗಿಲ್ಲ. ಡಿಸೆಂಬರ್ ರಾತ್ರಿಗಳು ಎಷ್ಟೇ ತಣ್ಣಗಿದ್ದರೂ ಮಧ್ಯಾಹ್ನದ ಬಿಸಿಲು ಬೆಚ್ಚಗಿರುವುದರಿಂದ ಹಾವುಗಳು ಬಿಲ, ಹುತ್ತ, ಕಲ್ಲುಸಂದಿಗಳಲ್ಲಿ ಕೆಲದಿನ ಅಡಗಿದ್ದು, ಬಿಸಿಲೇರಿದಾಗ ಹೊರಬಂದು ಮೈ ಕಾಯಿಸಿಕೊಳ್ಳುತ್ತವೆ. ಉಡವೂ ಹೀಗೆಯೇ. ಆದ್ದರಿಂದ ಚಳಿಗಾಲದಲ್ಲಿ ಹಾವಿನ ಭಯವಿಲ್ಲವೆಂದು ಮಕ್ಕಳಿಗೆ ಹೇಳಿಬಿಡಬೇಡಿ. ಕೊಳಕುಮಂಡಲ ತಂಪು ತಿಂಗಳುಗಳಲ್ಲೂ ಓಡಾಡುತ್ತದೆ. ಕೊಯ್ದು ಒಟ್ಟಿದ ತೊಗರಿಯ ಮೆದೆಗೆ ಕೈಹಾಕುವ ಮುನ್ನ ಕೋಲಿನಿಂದ ಅಲುಗಿಸಿ ನೋಡುವ ಹಿರಿಯರ ಅಭ್ಯಾಸವನ್ನು ಅವರೂ ಕಲಿಯಲಿ.

ಪ್ರಶ್ನೆ: ಎಳ್ಳಮಾವಾಸ್ಯೆಯ ಸುಮಾರಿಗೆ, ಸೀತನಿ ತಿನ್ನುವ ಹೊತ್ತಿಗೆ, ನಮ್ಮ ಜೋಳದ ಹೊಲಕ್ಕೆ ಗುಲಾಬಿ ಮೈ, ಕಪ್ಪು ತಲೆಯ ಹಕ್ಕಿಗಳು ಹಿಂಡುಹಿಂಡಾಗಿ ಇಳಿಯುತ್ತವೆ. ಕವಣೆ ಬೀಸಿ ಸಾಕಾಗಿದೆ. ತೊಗರಿಯ ಮೇಲೆ ತೀರ ಕೆಳಗೆ ತೇಲುತ್ತ ಹಾರುವ ಗಿಡುಗವೊಂದೂ ಅದೇ ಕಾಲದಲ್ಲಿ ಬರುತ್ತದೆ. ಇವು ಎಲ್ಲಿಂದ ಬರುತ್ತವೆ? ಇವುಗಳಿಂದ ನಮಗೆ ನಷ್ಟವಷ್ಟೇ ಇದೆಯೇ?
(ರೈತರು, ಜೇವರ್ಗಿ ತಾಲ್ಲೂಕು)

ಉತ್ತರ: ಮೊದಲನೆಯದು ಗುಲಾಬಿ ಮೈನಾ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಮೇ ಮತ್ತು ಜೂನ್ ತಿಂಗಳಲ್ಲಿ ಮಿಡತೆಗಳು ಹೆಚ್ಚಿದಾಗ ಅದು ಅವಸರವಾಗಿ ಮರಿ ಮಾಡಿ ಮುಗಿಸಿ, ಜುಲೈ ಕಳೆಯುವಷ್ಟರಲ್ಲಿ ಭಾರತದತ್ತ ಹೊರಟಿರುತ್ತದೆ. ಅಂದರೆ ಅಲ್ಲಿ ಇನ್ನೂ ಬೇಸಿಗೆ ಇರುವಾಗಲೇ ಅದು ಜಾಗ ಖಾಲಿ ಮಾಡುತ್ತದೆ. ವಲಸೆಗೆ ಚಳಿಯೇ ಕಾರಣವೆಂದು ವಾದಿಸುವವರು ಈ ಹಕ್ಕಿಯನ್ನು ಗಮನಿಸಬೇಕು. ನಮ್ಮಲ್ಲಿ ಏಪ್ರಿಲ್‌ವರೆಗೆ ಉಳಿಯುತ್ತದೆ.

ಹಾಲುಗಾಳಿನ ಜೋಳಕ್ಕೆ ಇದರಿಂದ ಆಗುವ ಹಾನಿ ನಿಜ, ಅದನ್ನು ಅಲ್ಲಗಳೆದು ನಿಮಗೆ ಉಪದೇಶ ಮಾಡುವುದರಲ್ಲಿ ಅರ್ಥವಿಲ್ಲ. ಆ ಎರಡು ಮೂರು ವಾರ ಅಟ್ಟದ ಮೇಲೆ ಕಾವಲು ಕೂತು ಸದ್ದು ಮಾಡಿ ಓಡಿಸುವುದು ನ್ಯಾಯವೇ. ಆದರೆ ಅದೇ ಹಿಂಡು ಉಳಿದ ತಿಂಗಳುಗಳಲ್ಲಿ ಮಿಡತೆ ಮತ್ತು ಕಂಬಳಿಹುಳುಗಳನ್ನು ದೊಡ್ಡ ಪ್ರಮಾಣದಲ್ಲಿ ತಿನ್ನುತ್ತದೆ. ಚೀನಾದ ಷಿನ್‌ಜಿಯಾಂಗ್ ಪ್ರಾಂತ್ಯದಲ್ಲಿ ಮಿಡತೆ ಹತೋಟಿಗೆಂದೇ ಈ ಹಕ್ಕಿಗೆ ಗೂಡುಕಟ್ಟಲು ಕಲ್ಲುರಾಶಿ, ಗೋಡೆಗಳನ್ನು ಕಟ್ಟಿಕೊಟ್ಟಿದ್ದಾರೆ. ಬೇಸಿಗೆಯ ಬಾಗಿಲಲ್ಲಿ ಮುತ್ತುಗ ಹೂಬಿಟ್ಟಾಗ ಮಕರಂದಕ್ಕೆ ಮುತ್ತುವ ಹಕ್ಕಿಗಳಲ್ಲಿಯೂ ಇದು ಒಂದು.

ಎರಡನೆಯದು, ನಿಮ್ಮ ವಿವರಣೆಯಿಂದ ನೋಡಿದರೆ, ಹ್ಯಾರಿಯರ್ ಜಾತಿಯ ಗಿಡುಗ. ಕಜಕಸ್ತಾನದ ಬಯಲುಗಳಿಂದ ಬಂದು ದಖನ್ನಿನ ಹೊಲ ಮತ್ತು ಹುಲ್ಲುಗಾವಲುಗಳಲ್ಲಿ ಚಳಿಗಾಲ ಕಳೆಯುವ ಈ ಹಕ್ಕಿಯ ಆಹಾರ ಮಿಡತೆ, ಇಲಿ ಮತ್ತು ಸಣ್ಣ ಹಕ್ಕಿಗಳು. ಇದು ನಿಮ್ಮ ಕಾಳನ್ನು ಮುಟ್ಟುವುದೇ ಇಲ್ಲ. ರಾತ್ರಿ ಮರದ ಬದಲು ಹುಲ್ಲಿನ ನಡುವೆ ನೆಲದ ಮೇಲೆ ಗುಂಪಾಗಿ ತಂಗುವುದರಿಂದ, ಬೀಳು ನೆಲದ ಹುಲ್ಲಿಗೆ ಚಳಿಗಾಲದಲ್ಲಿ ಬೆಂಕಿ ಹಚ್ಚದಿದ್ದರೆ ಅದಕ್ಕೆ ದೊಡ್ಡ ಉಪಕಾರವಾಗುತ್ತದೆ.

ಪ್ರಶ್ನೆ: ಬೀದರಿನ ಚಳಿ ಏರಿದಂತೆ ಗೋಡೆಯ ಮೇಲಿನ ಹಲ್ಲಿಗಳೇ ಕಾಣೆಯಾಗುತ್ತವೆ. ಅವೂ ವಲಸೆ ಹೋಗುತ್ತವೆಯೇ?
(ಗೃಹಿಣಿ, ಬೀದರ್)

ಉತ್ತರ: ಇಲ್ಲ, ಅವು ನಿಮ್ಮ ಮನೆಯಲ್ಲೇ ಇರುತ್ತವೆ. ದೇವರ ಫೋಟೋದ ಹಿಂದೆ, ಕಿಟಕಿಯ ಚೌಕಟ್ಟಿನ ಸಂದಿಯಲ್ಲಿ, ಬೆಚ್ಚಗಿರುವ ಫ್ರಿಜ್ಜಿನ ಹಿಂಬದಿಯಲ್ಲಿ ಹುಡುಕಿದರೆ ಸಿಗುತ್ತವೆ. ಮೈ ತಣ್ಣಗಾದಾಗ ಅವುಗಳ ಓಟ ನಿಧಾನವಾಗುತ್ತದೆ, ಜೀರ್ಣಶಕ್ತಿಯೂ ಕುಂದುತ್ತದೆ. ದೀಪಕ್ಕೆ ಮುತ್ತುವ ಹುಳುಗಳೂ ಆ ದಿನಗಳಲ್ಲಿ ಕಡಿಮೆಯಾಗುವುದರಿಂದ ಹೊರಬಂದು ಮಾಡುವ ಕೆಲಸವೂ ಅವಕ್ಕೆ ಇರುವುದಿಲ್ಲ. ಮಾಘ ಮುಗಿದು ಸೆಕೆ ತಲೆದೋರುವಾಗ ಮತ್ತೆ ಗೋಡೆಗೆ ಬರುತ್ತವೆ.

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮ ಹಳ್ಳ, ಕುಂಟೆಗಳು ಪೂರ್ತಿ ಒಣಗಿ ಎರೆನೆಲ ಬಾಯಿಬಿಡುತ್ತದೆ. ಆದರೆ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿಯೇ ಕಪ್ಪೆಗಳ ಕೂಗು ಕಿವಿ ತುಂಬುತ್ತದೆ. ಅಷ್ಟು ಕಪ್ಪೆಗಳು ಅಲ್ಲಿಯವರೆಗೆ ಎಲ್ಲಿದ್ದವು? ಇದೂ ಶಿಶಿರನಿದ್ರೆಯೇ?
(ನಿವೃತ್ತ ಗ್ರಾಮಲೆಕ್ಕಿಗರು, ಆಳಂದ)

ಉತ್ತರ: ಇದು ಅದರ ಸೋದರ, ಗ್ರೀಷ್ಮನಿದ್ರೆ. ನಮ್ಮ ಮೂರು ಜಿಲ್ಲೆಗಳ ಮಟ್ಟಿಗೆ ಹೇಳುವುದಾದರೆ ಕಾಡುಜೀವಿಗಳನ್ನು ನಿಜವಾಗಿ ಪರೀಕ್ಷಿಸುವ ಕಾಲ ಡಿಸೆಂಬರ್ ಅಲ್ಲ, ಏಪ್ರಿಲ್ ಮತ್ತು ಮೇ. ಉತ್ತರದ ದೇಶಗಳಲ್ಲಿ ಹಿಮ ಮಾಡುವ ಕೆಲಸವನ್ನು ಇಲ್ಲಿ ಬಿಸಿಲು ಮಾಡುತ್ತದೆ: ನೀರನ್ನೂ ಹುಳುಹುಪ್ಪಟೆಯನ್ನೂ ಇಲ್ಲವಾಗಿಸುತ್ತದೆ.

ನೆಲ ತೋಡುವ ಕಪ್ಪೆಗಳ ಹಿಂಗಾಲಿನ ಪಾದದಲ್ಲಿ ಸಲಿಕೆಯಂತಹ ಗಟ್ಟಿ ಉಬ್ಬೊಂದು ಇರುತ್ತದೆ. ಅದರಿಂದ ಅವು ಹಿಮ್ಮುಖವಾಗಿ ಮಣ್ಣು ಕೆದಕುತ್ತ, ತೇವ ಉಳಿದಿರುವ ಆಳಕ್ಕೆ ಇಳಿದು ಕೂರುತ್ತವೆ. ಉಸಿರಾಟ ಮತ್ತು ಚಯಾಪಚಯ ಬಹಳ ಕಡಿಮೆಯಾಗುತ್ತದೆ. ಹೀಗೆ ಹೂತುಕೊಳ್ಳುವ ಕಪ್ಪೆಗಳಲ್ಲಿ ಹಲವು ತಮ್ಮ ಮೂತ್ರಕೋಶದಲ್ಲಿ ತೆಳುವಾದ ಮೂತ್ರವನ್ನು ತುಂಬಿಟ್ಟುಕೊಂಡು, ಬೇಕಾದಂತೆ ಅದರ ನೀರನ್ನು ದೇಹಕ್ಕೆ ಮರಳಿ ಹೀರಿಕೊಳ್ಳುತ್ತವೆ. ಆಸ್ಟ್ರೇಲಿಯಾ ಮತ್ತು ಆಫ್ರಿಕಾದ ಕೆಲವು ಜಾತಿಗಳು ತಮ್ಮದೇ ಚರ್ಮದ ಪದರಗಳಿಂದ ಮೈಸುತ್ತ ಕವಚ ಕಟ್ಟಿಕೊಂಡು ತೇವ ಆರದಂತೆ ನೋಡಿಕೊಳ್ಳುತ್ತವೆ. ಆಫ್ರಿಕಾದ ಶ್ವಾಸಕೋಶ ಮೀನು ಕೆಸರಿನಲ್ಲಿ ಇದೇ ಬಗೆಯಲ್ಲಿ ವರ್ಷಗಳನ್ನೇ ಕಳೆಯಬಲ್ಲದು. ನಿಮ್ಮ ಹೊಲದ ಬದುವಿನ ಬಸವನಹುಳುವೂ ಚಿಪ್ಪಿನ ಬಾಯಿಗೆ ಗಟ್ಟಿಯಾದ ಪೊರೆ ಮುಚ್ಚಿಕೊಂಡು ಮಳೆಗೆ ಕಾಯುತ್ತದೆ.

ಮಳೆ ಬಂದದ್ದು ನೆಲದಡಿಯ ಕಪ್ಪೆಗೆ ತಿಳಿಯುವುದು ಹೇಗೆಂದು ನೀವು ಮುಂದೆ ಕೇಳಬಹುದು. ಅಮೆರಿಕದ ಮರುಭೂಮಿಯ ಕೆಲವು ಕಪ್ಪೆಗಳಲ್ಲಿ ನಡೆದ ಪ್ರಯೋಗಗಳು, ಮಣ್ಣಿಗೆ ತೇವ ಇಳಿಯುವುದಕ್ಕಿಂತ ಮೊದಲೇ, ಮಳೆಹನಿಗಳು ನೆಲಕ್ಕೆ ಬಡಿಯುವ ಕಂಪನಕ್ಕೆ ಅವು ಎಚ್ಚರಗೊಳ್ಳುತ್ತವೆ ಎಂದು ತೋರಿಸಿವೆ.

ಇದಕ್ಕೆ ವಿರುದ್ಧವಾದ ಕಥೆಯೊಂದು ಉತ್ತರ ಅಮೆರಿಕದ ಕಾಡುಕಪ್ಪೆಯದು. ಅದು ಆಳಕ್ಕೆ ಇಳಿಯುವುದೇ ಇಲ್ಲ, ಎಲೆಗಳ ಕಸದಡಿ ಕೂತು ಹೆಪ್ಪುಗಟ್ಟಿಬಿಡುತ್ತದೆ. ದೇಹದ ನೀರಿನಲ್ಲಿ ಮೂರನೇ ಎರಡರಷ್ಟು ಪಾಲು ಮಂಜುಗಡ್ಡೆಯಾಗಿ, ಹೃದಯವೂ ನಿಂತಿರುತ್ತದೆ. ಯಕೃತ್ತು ರಕ್ತಕ್ಕೆ ಹರಿಸಿದ ಭಾರಿ ಪ್ರಮಾಣದ ಗ್ಲೂಕೋಸ್ ಜೀವಕೋಶಗಳ ಒಳಭಾಗವನ್ನು ಕಾಪಾಡುವುದರಿಂದ ವಸಂತದಲ್ಲಿ ಹಿಮ ಕರಗಿದಾಗ ಅದರ ಹೃದಯ ಮತ್ತೆ ಮಿಡಿಯುತ್ತದೆ.

ಪ್ರಶ್ನೆ: ಹಕ್ಕಿಗಳಿಗೆ ಹೊರಡುವ ದಿನ ಮತ್ತು ದಾರಿ ಗೊತ್ತಾಗುವುದು ಹೇಗೆ?
(ಪ್ರೌಢಶಾಲಾ ವಿದ್ಯಾರ್ಥಿ, ಕಲಬುರಗಿ)

ಉತ್ತರ: ಹೊರಡುವ ಕಾಲವನ್ನು ಮುಖ್ಯವಾಗಿ ಹಗಲಿನ ಉದ್ದ ತಿಳಿಸುತ್ತದೆ. ಒಂದು ವರ್ಷ ಚಳಿ ಬೇಗ ಬರಬಹುದು, ಇನ್ನೊಂದು ವರ್ಷ ತಡವಾಗಬಹುದು, ಆದರೆ ಹಗಲಿನ ಉದ್ದ ಎಂದೂ ಲೆಕ್ಕ ತಪ್ಪುವುದಿಲ್ಲ. 1920ರ ದಶಕದಲ್ಲಿ ಕೆನಡಾದ ವಿಲಿಯಂ ರೋವನ್ ಎಂಬ ವಿಜ್ಞಾನಿ, ನಡುಚಳಿಗಾಲದಲ್ಲಿ ಪಂಜರದ ಹಕ್ಕಿಗಳಿಗೆ ವಿದ್ಯುದ್ದೀಪದಿಂದ ಹಗಲನ್ನು ಸ್ವಲ್ಪಸ್ವಲ್ಪವೇ ಉದ್ದ ಮಾಡುತ್ತ ಹೋದಾಗ, ಹೊರಗೆ ಕೊರೆಯುವ ಚಳಿ ಇದ್ದರೂ ಅವುಗಳ ದೇಹ ವಸಂತದ ಸ್ಥಿತಿಗೆ ಬಂದಿತು. ಈ ಸೂಚನೆ ಸಿಕ್ಕ ಮೇಲೆ ಹಕ್ಕಿ ಹೆಚ್ಚು ತಿಂದು ಕೊಬ್ಬು ಕೂಡಿಸುತ್ತದೆ. ದೂರ ಹಾರುವ ಕೆಲವು ಸಣ್ಣ ಹಕ್ಕಿಗಳ ತೂಕ ಹೊರಡುವ ಹೊತ್ತಿಗೆ ಎರಡರಷ್ಟಾಗುವುದೂ ಉಂಟು. ಈ ಇಂಧನದ ಬಲ ಎಷ್ಟೆಂಬುದಕ್ಕೆ ಒಂದು ನಿದರ್ಶನ: 2022ರ ಅಕ್ಟೋಬರ್‌ನಲ್ಲಿ ಅಲಾಸ್ಕಾದಿಂದ ಹೊರಟ ಐದು ತಿಂಗಳ ವಯಸ್ಸಿನ ಗಾಡ್‌ವಿಟ್ ಎಂಬ ಕಡಲತಡಿಯ ಹಕ್ಕಿಯೊಂದು 13,560 ಕಿಲೋಮೀಟರ್ ದೂರವನ್ನು ಎಲ್ಲೂ ಇಳಿಯದೆ ಸುಮಾರು 11 ದಿನಗಳಲ್ಲಿ ಕ್ರಮಿಸಿ ಆಸ್ಟ್ರೇಲಿಯಾದ ಟಾಸ್ಮೇನಿಯಾ ತಲುಪಿತು.

ದಿಕ್ಕಿಗೆ ಸೂರ್ಯ, ನಕ್ಷತ್ರಗಳು ಮತ್ತು ಭೂಮಿಯ ಕಾಂತಕ್ಷೇತ್ರ ಮೂರೂ ನೆರವಾಗುತ್ತವೆ. ಆದರೆ ದಿಕ್ಕು ತಿಳಿದಿರುವುದೂ ಊರು ತಿಳಿದಿರುವುದೂ ಬೇರೆ ಬೇರೆ. 1950ರ ದಶಕದಲ್ಲಿ ನೆದರ್ಲೆಂಡ್ಸ್‌ನ ಪೆರ್ಡೆಕ್ ಎಂಬ ವಿಜ್ಞಾನಿ, ವಲಸೆಯ ನಡುವೆ ಹಿಡಿದ ಸಾವಿರಾರು ಸ್ಟಾರ್ಲಿಂಗ್ ಹಕ್ಕಿಗಳನ್ನು ವಿಮಾನದಲ್ಲಿ ಸ್ವಿಟ್ಜರ್ಲೆಂಡ್‌ಗೆ ಸಾಗಿಸಿ ಬಿಟ್ಟರು. ಹಿಂದೆ ದಾರಿ ಕಂಡಿದ್ದ ಹಿರಿಯ ಹಕ್ಕಿಗಳು ದಿಕ್ಕು ಸರಿಪಡಿಸಿಕೊಂಡು ತಮ್ಮ ಎಂದಿನ ಚಳಿಗಾಲದ ನೆಲೆಯತ್ತ ತಿರುಗಿದವು. ಮೊದಲ ಸಲ ಹೊರಟಿದ್ದ ಮರಿಗಳು ಹುಟ್ಟಿನಿಂದ ಬಂದ ದಿಕ್ಕಿಗೇ ಹಾರಿ ಸ್ಪೇನ್ ಕಡೆಗೆ ಹೋದವು. ಬೋನಾಳಕ್ಕೆ ಬರುವ ಹೆಬ್ಬಾತಿನ ಮರಿಗೆ ತಂದೆತಾಯಿಯ ಜೊತೆ ಏಕೆ ಅಷ್ಟು ಮುಖ್ಯವೆಂಬುದು ಇದರಿಂದ ನಿನಗೆ ಹೊಳೆದೀತು.

ಪ್ರಶ್ನೆ: ಕಾರಂಜಾ ಜಲಾಶಯದ ದಂಡೆಯಲ್ಲಿ ಕಾಲಿಗೆ ಉಂಗುರವಿರುವ ಹಕ್ಕಿ ಸಿಕ್ಕರೆ ಏನು ಮಾಡಬೇಕು?
(ಮೀನುಗಾರರು, ಭಾಲ್ಕಿ ತಾಲ್ಲೂಕು)

ಉತ್ತರ: ಹಕ್ಕಿ ಜೀವಂತವಾಗಿದ್ದರೆ ಉಂಗುರವನ್ನು ಬಿಚ್ಚಬೇಡಿ, ಅದರ ಮೇಲಿನ ಅಕ್ಷರ ಮತ್ತು ಸಂಖ್ಯೆಯನ್ನು ಬರೆದುಕೊಂಡು ಅಥವಾ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಬಿಟ್ಟುಬಿಡಿ. ಕೊರಳಪಟ್ಟಿ ಇದ್ದರೆ ಅದರ ಬಣ್ಣವನ್ನೂ ಗುರುತು ಮಾಡಿಕೊಳ್ಳಿ. ಭಾರತದಲ್ಲಿ ತೊಡಿಸಿದ ಉಂಗುರಗಳ ಮೇಲೆ ಸಾಮಾನ್ಯವಾಗಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸುವಂತೆ ಕೆತ್ತಿರುತ್ತದೆ. ಮುಂಬಯಿಯ ಆ ಸಂಸ್ಥೆಗೆ ಸಂಖ್ಯೆ, ದಿನಾಂಕ ಮತ್ತು ಸ್ಥಳವನ್ನು ತಿಳಿಸಿದರೆ ಹಕ್ಕಿಗೆ ಎಲ್ಲಿ, ಯಾವಾಗ ಉಂಗುರ ತೊಡಿಸಲಾಗಿತ್ತೆಂಬುದನ್ನು ಪತ್ತೆ ಹಚ್ಚಬಹುದು. ಗಾಯಗೊಂಡಿದ್ದರೆ ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ಒಪ್ಪಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ವಲಸೆ ಹಕ್ಕಿಗಳನ್ನು ಹಿಡಿದು ಸಾಕುವುದು ಅಪರಾಧವಾಗುವುದರಿಂದ, ಆರೈಕೆಗೆಂದೂ ಮನೆಯಲ್ಲಿ ಇಟ್ಟುಕೊಳ್ಳುವುದು ಬೇಡ.